ಎಳೆಯ ಲೆಕ್ಕ, ಕೈಯ ಲೀಲೆ: ಕನ್ನಡ ನಾಡಿನ ಗೃಹಕಲೆಗಳ ಇತಿಹಾಸಕ್ಕೊಂದು ಪ್ರವೇಶ

೧

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೬ರಿಂದ ೧೧೩೮ರ ವರೆಗೆ ರಾಜ್ಯವಾಳಿದನು. ಆತನ ಕೃತಿಯೆಂದು ಪ್ರಸಿದ್ಧವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಂಗಡಗೊಂಡಿದೆ. ಮೊದಲಿನ ಎರಡು ವಿಂಶತಿಗಳು ರಾಜ್ಯವನ್ನು ಪಡೆಯುವ ಹಾಗೂ ಪಡೆದುದನ್ನು ಸ್ಥಿರಗೊಳಿಸುವ ಬಗೆಯನ್ನು ಹೇಳುತ್ತವೆ. ಉಳಿದ ಮೂರು ವಿಂಶತಿಗಳ ವಿಷಯವು ಉಪಭೋಗ, ವಿನೋದ, ಕ್ರೀಡೆ. ಎಂದರೆ, ಒಂದು ರಾಜಗ್ರಂಥದ ನೂರು ಅಧ್ಯಾಯಗಳಲ್ಲಿ ಅರುವತ್ತು ಅಧ್ಯಾಯಗಳು ಮನಸ್ಸಿನ ಉಲ್ಲಾಸಕ್ಕೇ ಮೀಸಲಾಗಿವೆ. ಅರಸನು ಉಡುವ ವಸ್ತ್ರ, ತೊಡುವ ಆಭರಣ, ಉಣ್ಣುವ ಭಕ್ಷ್ಯ, ಕೇಳುವ ಗೀತ ಇವೆಲ್ಲಕ್ಕೂ ಅಲ್ಲಿ ಶಾಸ್ತ್ರವುಂಟು.

ಅದೇ ಶತಮಾನದಲ್ಲಿ, ಕೆಲವೇ ದಶಕಗಳ ಅಂತರದಲ್ಲಿ, ಕಲ್ಯಾಣವನ್ನು ಕೇಂದ್ರವಾಗುಳ್ಳ ಶರಣರ ಬಳಗದಲ್ಲಿ ಕದಿರ ರೆಮ್ಮವ್ವೆಯೆಂಬ ಒಬ್ಬ ವಚನಕಾರ್ತಿಯಿದ್ದಳು. ನೂಲು ತೆಗೆಯುವುದು ಅವಳ ಕಾಯಕ. ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ದೈವವನ್ನು ಕಂಡು ಹೇಳಿದ ಅವಳ ವಚನವು ಕನ್ನಡ ಓದುಗರಿಗೆ ಪರಿಚಿತವಾದುದೇ. ಅದರಲ್ಲಿ ತತ್ತ್ವವಿದ್ದಂತೆ ವಿನೋದವೂ ಉಂಟು. ದಿನವೂ ಕೈಯಲ್ಲಿ ತಿರುಗುವ ಮರದ ಉಪಕರಣವನ್ನು ನೋಡಿ ನೋಡಿ, ಅದರೊಡನೆ ಸಲಿಗೆ ಬೆಳೆಸಿದವಳ ಮಾತು ಅದು.

ಕನ್ನಡ ನಾಡಿನ ಕಲೆಯ ಇತಿಹಾಸವನ್ನು ಬರೆಯುವವರು ಈ ಎರಡು ಸಾಕ್ಷ್ಯಗಳಲ್ಲಿ ಮೊದಲನೆಯದನ್ನೇ ಹೆಚ್ಚಾಗಿ ಅನುಸರಿಸಿದ್ದಾರೆ. ದೇವಾಲಯ, ಅರಮನೆ, ಶ್ರೇಣಿ, ಪೇಟೆ ಇವುಗಳ ಆಶ್ರಯದಲ್ಲಿ ಬೆಳೆದ ಶಿಲ್ಪಕ್ಕೂ ನೇಯ್ಗೆಗೂ ಶಾಸನಗಳಿವೆ, ದಾನಪತ್ರಗಳಿವೆ, ಸುಂಕದ ಲೆಕ್ಕಗಳಿವೆ. ಆದರೆ ಯಾರ ಅಪ್ಪಣೆಯೂ ಇಲ್ಲದೆ, ಮಾರುವ ಉದ್ದೇಶವೂ ಇಲ್ಲದೆ, ಮನೆಯ ಒಳಗೆ, ಹಿತ್ತಿಲಲ್ಲಿ, ಜಗುಲಿಯ ಮೇಲೆ ನಿತ್ಯವೂ ನಡೆದುಬಂದ ಸೃಷ್ಟಿಗೆ ಇಂತಹ ದಾಖಲೆಗಳು ದೊರೆಯುವುದು ವಿರಳ. ಬಟ್ಟೆಯ ಮೇಲಿನ ಸೂಜಿಯ ಕೆಲಸ, ಮಣ್ಣಿನ ಎತ್ತು, ಸಕ್ಕರೆಯ ಗೊಂಬೆ, ಚಿಂದಿಯ ಕೌದಿ ಇವೆಲ್ಲ ಆ ವರ್ಗಕ್ಕೆ ಸೇರಿದವು. ಇವುಗಳನ್ನು ‘ಬಿಡುವಿನ ಕೆಲಸ’ವೆಂದು ಪಕ್ಕಕ್ಕಿಡುವುದು ರೂಢಿ. ಆ ರೂಢಿಯು ಎಷ್ಟರ ಮಟ್ಟಿಗೆ ಸರಿ, ಹೀಗೆ ಪಕ್ಕಕ್ಕಿಟ್ಟುದರಿಂದ ಇತಿಹಾಸವು ಕಳೆದುಕೊಂಡುದೇನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಪ್ರಾಚೀನರ ದೃಷ್ಟಿ ಈ ವಿಷಯದಲ್ಲಿ ಇಷ್ಟು ಸಂಕುಚಿತವಾಗಿರಲಿಲ್ಲ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಹೊಲಿಗೆ ನೇಯ್ಗೆಗಳಿಗೆ ಸಂಬಂಧಿಸಿದ ‘ಸೂಚೀವಾನಕರ್ಮ’ವಿದೆ, ಅಕ್ಕಿ ಹೂಗಳಿಂದ ಚಿತ್ರ ಬಿಡಿಸುವ ‘ತಂಡುಲಕುಸುಮಬಲಿವಿಕಾರ’ವಿದೆ, ಅವುಗಳ ಜತೆಗೆ ‘ಸೂತ್ರಕ್ರೀಡಾ’ ಎಂಬ ಇನ್ನೊಂದು ಕಲೆಯೂ ಇದೆ. ಸೂಜಿಯ ಕೆಲಸವು ‘ಕರ್ಮ’, ದಾರದ ಆಟವು ‘ಕ್ರೀಡೆ’; ಎರಡಕ್ಕೂ ಒಂದೇ ಪಟ್ಟಿಯಲ್ಲಿ ಸಮಾನವಾದ ಸ್ಥಾನ. ಮನೆಯ ಕಲೆಯಲ್ಲಿ ಈ ಕರ್ಮ ಕ್ರೀಡೆಗಳು ಬೇರೆಬೇರೆಯಾಗಿರದೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆಂಬುದಕ್ಕೆ ಧಾರವಾಡ ಸೀಮೆಯ ಕಸೂತಿಗಿಂತ ಸ್ಪಷ್ಟವಾದ ನಿದರ್ಶನ ಬೇರೆ ಬೇಕಾಗಿಲ್ಲ.

೨

‘ಕಸೂತಿ’ ಎಂಬ ಪದಕ್ಕೆ ಎರಡು ಬಗೆಯ ವಿವರಣೆಗಳುಂಟು. ‘ಕೈ’ ಮತ್ತು ‘ಸೂತಿ’ ಎಂಬ ಎರಡು ಮಾತುಗಳು ಕೂಡಿ, ಕೈಯಿಂದ ಮಾಡಿದ ನೂಲಿನ ಕೆಲಸವೆಂಬ ಅರ್ಥ ಬಂದಿತೆಂಬುದು ಒಂದು. ಪಾರಸಿಯ ‘ಕಶೀದಾ’ ಎಂಬ ಪದದೊಡನೆ ಇದಕ್ಕೆ ನಂಟಿದೆಯೆಂಬುದು ಇನ್ನೊಂದು. ಬಹಮನಿ ಮತ್ತು ಆದಿಲಶಾಹಿ ಆಳ್ವಿಕೆಗಳ ಕಾಲದಲ್ಲಿ ಉತ್ತರ ಕರ್ನಾಟಕದ ನುಡಿಗೆ ಪಾರಸಿಯ ಮಾತುಗಳು ಧಾರಾಳವಾಗಿ ಬಂದು ಸೇರಿದುದನ್ನು ನೆನೆದರೆ ಎರಡನೆಯ ವಿವರಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪದದ ಮೂಲವೇನೇ ಇರಲಿ, ಈ ಕಲೆಯ ಹೊಲಿಗೆಗಳ ಹೆಸರುಗಳು ಮಾತ್ರ ಮನೆಯ ಮಾತಿನಿಂದಲೇ ಹುಟ್ಟಿದವು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ ಮತ್ತು ಮೆಂತಿ. ಮೆಂತಿಯೆಂಬುದು ಗುಣಿಸು ಚಿಹ್ನೆಯ ಆಕಾರದ ಅಡ್ಡಹೊಲಿಗೆ. ಬಟ್ಟೆಯ ಮೇಲೆ ಮೆಂತೆಯ ಕಾಳು ಚೆಲ್ಲಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ನೇಗಿಯು ನೇಯ್ಗೆಯನ್ನು ಹೋಲುವುದು. ಉದ್ದ ಗಿಡ್ಡ ಹೊಲಿಗೆಗಳು ಸಾಲುಸಾಲಾಗಿ ಕೂಡಿ, ಚಿತ್ರವು ಮಗ್ಗದಲ್ಲಿಯೇ ಮೂಡಿ ಬಂದಂತೆ ತೋರುತ್ತದೆ. ಮುರ್ಗಿಯು ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವ ಹೊಲಿಗೆ. ಗವಂತಿಯ ಹೆಸರು ‘ಗಂಟು’ ಎಂಬುದರಿಂದ ಬಂದಿತೆಂದು ಹೇಳುವುದು ವಾಡಿಕೆ. ಆದರೆ ಕಸೂತಿಯ ಮೊದಲನೆಯ ನಿಯಮವೇ ದಾರಕ್ಕೆ ಗಂಟು ಹಾಕಬಾರದೆಂಬುದು! ಗಂಟಿನ ಹೆಸರುಳ್ಳ ಹೊಲಿಗೆಯಲ್ಲಿ ಗಂಟೇ ಇಲ್ಲದಿರುವುದು ಈ ಕಲೆಯ ಚಮತ್ಕಾರಗಳಲ್ಲೊಂದು.

ಗವಂತಿಯ ಕ್ರಮವು ಗಮನಾರ್ಹವಾದುದು. ಸೂಜಿಯು ಮೊದಲ ಸಲ ಸಾಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲ್ಮುಖದಲ್ಲಿ, ಮುಂದಿನದು ಬೆನ್ನಿನಲ್ಲಿ ಬೀಳುತ್ತದೆ. ಮರಳಿ ಬರುವಾಗ ಬಿಟ್ಟುಹೋದ ತೆರವುಗಳನ್ನು ತುಂಬುತ್ತ ಬರಬೇಕು. ಹೀಗೆ ಪ್ರತಿಯೊಂದು ಗೆರೆಯ ಮೇಲೂ ದಾರವು ಎರಡು ಬಾರಿ ಹಾಯುತ್ತದೆ. ಒಮ್ಮೆ ಮುಂದೆ, ಒಮ್ಮೆ ಹಿಂದೆ. ಪರಿಣಾಮವಾಗಿ ಬಟ್ಟೆಯ ಎರಡೂ ಮಗ್ಗುಲುಗಳಲ್ಲಿ ಒಂದೇ ಚಿತ್ರ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ಓರೆಯಾಗುತ್ತದೆ.

ಕವಲೊಡೆದ ಚಿತ್ರವೊಂದನ್ನು ಹೀಗೆ ಹೊಲಿಯುವಾಗ, ಯಾವ ಕವಲನ್ನು ಯಾವಾಗ ಹಿಡಿಯಬೇಕು, ಹೊರಟಲ್ಲಿಗೆ ಹೇಗೆ ಹಿಂತಿರುಗಬೇಕು ಎಂಬುದು ಒಂದು ಗಣಿತದ ಪ್ರಶ್ನೆಯೇ ಸರಿ. ಗಣಿತಜ್ಞ ಆಯ್ಲರನು ೧೭೩೬ರಲ್ಲಿ ಕ್ಯೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಸಮಸ್ಯೆಯನ್ನು ವಿವೇಚಿಸಿ, ಅದು ಅಸಾಧ್ಯವೆಂದು ತೋರಿಸಿದನು. ಆದರೆ ಪ್ರತಿಯೊಂದು ಹಾದಿಯನ್ನೂ ಎರಡೆರಡು ಸಲ ತುಳಿಯಲು ಅವಕಾಶವಿದ್ದಲ್ಲಿ, ಒಂದಕ್ಕೊಂದು ಕೂಡಿಕೊಂಡಿರುವ ಯಾವ ಜಾಲವನ್ನಾದರೂ ಸುತ್ತಿ ಹೊರಟಲ್ಲಿಗೆ ಬರಬಹುದು. ಗವಂತಿ ಹಾಕುವವಳು ಮಾಡುವುದು ಇದನ್ನೇ. ಕವಲು ಬಂದಾಗ ಅದರ ತುದಿಯ ವರೆಗೆ ಹೋಗಿ, ತುಂಬುತ್ತ ಮರಳಿ, ಮುಖ್ಯ ಗೆರೆಯನ್ನು ಮತ್ತೆ ಹಿಡಿಯುವುದು. ಅಕ್ಷರ ಕಲಿಯಲು ಅವಕಾಶವಿಲ್ಲದಿದ್ದ ಅನೇಕ ತಾಯಂದಿರು ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು. ಮಗಳಿಗೆ ತೊಡೆಯ ಮೇಲೆ ಬಟ್ಟೆ ಹರವಿ ಅದನ್ನು ಕಲಿಸುತ್ತಿದ್ದರು.

ಇದೇ ಹೊಲಿಗೆಯು ಯುರೋಪಿನಲ್ಲಿಯೂ ಉಂಟು. ಅಲ್ಲಿ ಅದಕ್ಕೆ ‘ಹೋಲ್ಬೈನ್ ಹೊಲಿಗೆ’ ಎಂದು ಹೆಸರು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹೋಲ್ಬೈನನು (೧೪೯೭–೧೫೪೩) ಬರೆದ ಭಾವಚಿತ್ರಗಳಲ್ಲಿನ ಉಡುಪುಗಳ ತೋಳಂಚಿನಲ್ಲಿ ಈ ಹೊಲಿಗೆ ಕಾಣುವುದರಿಂದ ಆ ಹೆಸರು ಬಂದಿತು. ಹೊಲಿಗೆಗೆ ಅದನ್ನು ಹೊಲಿದವಳ ಹೆಸರು ಬಾರದೆ, ಚಿತ್ರದಲ್ಲಿ ಬರೆದವನ ಹೆಸರು ಬಂದುದು ಗಮನಿಸತಕ್ಕ ಸಂಗತಿ. ಕನ್ನಡದಲ್ಲಿಯೂ ಹೊಲಿದವಳ ಹೆಸರು ಉಳಿದಿಲ್ಲ. ಆದರೆ ಅದರ ಸ್ಥಳದಲ್ಲಿ ಬೇರೆ ಯಾರ ಹೆಸರೂ ಬಂದು ಕುಳಿತಿಲ್ಲವೆಂಬುದಷ್ಟೇ ಸಮಾಧಾನ.

ಇಷ್ಟು ಕಟ್ಟುನಿಟ್ಟಾದ ನಿಯಮಗಳ ನಡುವೆ ಲೀಲೆಗೆ ಎಡೆಯೆಲ್ಲಿ ಎಂದು ಶಂಕಿಸಬಹುದು. ಅದಕ್ಕೆ ಉತ್ತರವು ಸೀರೆಯ ಮೇಲೆಯೇ ಇದೆ. ಇಳಕಲ್ಲಿನ ಸೀರೆಯ ಸೆರಗಿನ ಹತ್ತಿರ ಚಿತ್ರಗಳು ದೊಡ್ಡವಾಗಿರುತ್ತವೆ. ಸೆರಗಿನಿಂದ ದೂರ ಸರಿದಂತೆ ಕಿರಿದಾಗುತ್ತ ಹೋಗಿ, ಕೊನೆಗೆ ಬರಿಯ ಚುಕ್ಕೆಹೂಗಳಾಗುತ್ತವೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿಯ ಬೃಂದಾವನ, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ಗಿಳಿ, ಜಿಂಕೆ, ಕಮಲ, ತೊಟ್ಟಿಲು, ಹೀಗೆ ಗುಡಿಯ ವಸ್ತುವೂ ಮನೆಯ ವಸ್ತುವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆಯು ಅಡ್ಡ, ಉದ್ದ, ಓರೆ ಈ ಮೂರು ದಿಕ್ಕುಗಳಲ್ಲಿ ಮಾತ್ರ ಸಾಗುವುದರಿಂದ ಬಾಗಿದ ಗೆರೆಗೆ ಅವಕಾಶವಿಲ್ಲ. ಆದುದರಿಂದ ಕಸೂತಿಯ ಆನೆಯು ಕಾಡಿನ ಆನೆಯಂತಿರಲು ಸಾಧ್ಯವಿಲ್ಲ. ಮೂಲೆಮೂಲೆಯಾದ ಕಾಲು, ಮೆಟ್ಟಿಲಿನಂತಹ ಸೊಂಡಿಲು, ಹೊಟ್ಟೆಯ ತುಂಬ ಚೌಕುಳಿ. ನಿಸರ್ಗವನ್ನು ಯಥಾವತ್ತಾಗಿ ಅನುಕರಿಸಬೇಕೆಂಬ ಹಟವಿಲ್ಲದಲ್ಲಿ ಮಾತ್ರ ಇಂತಹ ಆನೆ ಹುಟ್ಟುತ್ತದೆ. ನಿಯಮವು ಕಸಿದುಕೊಂಡ ಬಾಗಿಗೆ ಪ್ರತಿಯಾಗಿ ಕಲ್ಪನೆಯು ಚೌಕುಳಿಯನ್ನು ಗಳಿಸಿಕೊಂಡಿತು.

ಮದುವಣಗಿತ್ತಿಗೆ ಕಸೂತಿ ಹಾಕಿದ ‘ಚಂದ್ರಕಾಳಿ’ ಎಂಬ ಕಪ್ಪು ರೇಷ್ಮೆಯ ಸೀರೆ ಇರಲೇಬೇಕೆಂಬ ಸಂಪ್ರದಾಯವು ಆ ಸೀಮೆಯಲ್ಲಿತ್ತು. ಕೂಸಿನ ಕುಂಚಿ ಕುಲಾವಿಗಳ ಮೇಲೂ ಈ ಕೆಲಸವಿರುತ್ತಿತ್ತು. ಬಾಣಂತಿಯ ಕೋಣೆಗೂ ಮದುವೆಯ ಹಂದರಕ್ಕೂ ಸಲ್ಲುವ ಈ ವಸ್ತುಗಳನ್ನು ಮಾಡಿದವರು ಅವುಗಳನ್ನು ಮಾರಲೆಂದು ಮಾಡಲಿಲ್ಲ. ಉಡುವವರ ಮುಖವನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದರು.

೩

ಕಸೂತಿಯ ಸೀರೆಯಾದರೂ ಎರಡು ಮೂರು ತಲೆಮಾರು ಬಾಳುತ್ತದೆ. ಮನೆಯ ಕಲೆಗಳಲ್ಲಿ ಒಂದು ದಿನದ ಮಟ್ಟಿಗೆ ಹುಟ್ಟಿ ಅಳಿಯುವ ವರ್ಗವೊಂದುಂಟು. ಉಳಿಸಿಕೊಳ್ಳುವ ಆಸೆಯೇ ಇಲ್ಲದ ಈ ಸೃಷ್ಟಿಯಲ್ಲಿ ಕೈಯ ಸಂತೋಷವು ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜ್ಯೇಷ್ಠ ಮಾಸದ ಕೊನೆಯ ದಿನವು ಮಣ್ಣೆತ್ತಿನ ಅಮಾವಾಸ್ಯೆ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಬರುವ ಈ ಹಬ್ಬದಲ್ಲಿ ಹಸಿಮಣ್ಣಿನಿಂದ ಎತ್ತಿನ ಜೋಡಿಯನ್ನು ಮಾಡಿ ಪೂಜಿಸುತ್ತಾರೆ. ಅದರ ಬೆನ್ನಿಗೇ ಬರುವ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಹಾಡು ಹೇಳುತ್ತಾರೆ. ಪೇಟೆಯಲ್ಲಿ ಅಚ್ಚಿನ ಎತ್ತುಗಳು ದೊರೆಯುವ ಕಾಲದಲ್ಲಿಯೂ ಮಗುವಿನ ಕೈಯ ಎತ್ತು ಬೇರೆಯೇ. ಒಂದರ ಕೊಂಬು ಗಿಡ್ಡ, ಇನ್ನೊಂದರ ಡುಬ್ಬ ದೊಡ್ಡದು. ಅದನ್ನು ಯಾರೂ ತಿದ್ದಲು ಹೋಗುವುದಿಲ್ಲ. ಪೂಜೆಯಾದ ಮೇಲೆ ಎತ್ತುಗಳು ನೀರಿಗೆ ಸಲ್ಲುತ್ತವೆ. ಮುಂದಿನ ವರ್ಷ ಬೇರೆ ಮಣ್ಣು, ಬೇರೆ ಎತ್ತು.

ಕಾರ್ತಿಕದ ಗೌರಿ ಹುಣ್ಣಿಮೆಯಲ್ಲಿ ಧಾರವಾಡದ ಕಡೆ ಸಕ್ಕರೆಯ ಆರತಿಗಳು ಬರುತ್ತವೆ. ಮರದ ಅಚ್ಚಿನಲ್ಲಿ ಸಕ್ಕರೆಯ ಪಾಕವನ್ನು ಎರಕ ಹೊಯ್ದು ಮಾಡಿದ ಬಣ್ಣಬಣ್ಣದ ಬೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಾಲೆಯರು ಗೌರಿಗೆ ಬೆಳಗುತ್ತಾರೆ. ಅನಂತರ ಅವು ಹಂಚಿಕೆಯಾಗಿ ಬಾಯಲ್ಲಿ ಕರಗುತ್ತವೆ.

ಮಲೆನಾಡಿನ ಸಾಗರದ ಸುತ್ತಿನ ದೀವರ ಮನೆಗಳಲ್ಲಿ ಇನ್ನೊಂದು ಪರಂಪರೆಯಿದೆ. ಮದುವೆಯ ಹಸೆಗೋಡೆಯ ಮೇಲೆ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ಇವಿಷ್ಟೇ ಬಣ್ಣಗಳು. ಪುಂಡಿಯ ನಾರೇ ಕುಂಚ. ಆಶ್ವಯುಜದ ಭೂಮಿ ಹುಣ್ಣಿಮೆಯಲ್ಲಿ ತೆನೆಗಟ್ಟುತ್ತಿರುವ ಗದ್ದೆಗೆ ಎಡೆಯನ್ನು ಒಯ್ಯುವ ಬುಟ್ಟಿಗೂ ಇದೇ ಚಿತ್ತಾರ. ಗದ್ದೆಯ ಬಯಕೆ ತೀರಿಸಲು ಹೋಗುವ ಅನ್ನವನ್ನು ಬರಿಯ ಬುಟ್ಟಿಯಲ್ಲಿ ಒಯ್ಯಬಹುದಾಗಿತ್ತು; ಒಯ್ಯುವುದಿಲ್ಲ. ಈ ‘ಒಯ್ಯುವುದಿಲ್ಲ’ ಎಂಬಲ್ಲಿಯೇ ಗೃಹಕಲೆಯ ಹುಟ್ಟಿದೆ. ಉಪಯೋಗಕ್ಕೆ ಬೇಕಾದುದಕ್ಕಿಂತ ಒಂದು ಗೆರೆ ಹೆಚ್ಚು ಎಳೆಯಬೇಕೆನಿಸುವ ಮನಸ್ಸು ಬಡತನದಲ್ಲಿಯೂ ಇತ್ತು.

೪

ಬಡತನದ ಮಾತು ಬಂದಾಗ ಕೌದಿಯನ್ನು ಬಿಡುವಂತಿಲ್ಲ. ಹರಿದ ಸೀರೆ, ಸವೆದ ಧೋತರ, ಕೂಸಿಗೆ ಗಿಡ್ಡವಾದ ಅಂಗಿ ಇವುಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಣುಕುಗಳನ್ನು ಜೋಡಿಸಿ, ಒತ್ತೊತ್ತಾಗಿ ಓಟದ ಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಚಳಿಗೆ ಹೊದೆಯಲು ಕಂಬಳಿ ಕೊಳ್ಳಲಾರದ ಮನೆಗೆ ಇದು ಅವಶ್ಯಕತೆ. ಆದರೆ ತುಣುಕುಗಳನ್ನು ಹೇಗಾದರೂ ಕೂಡಿಸಿದ್ದರೂ ಚಳಿ ತಡೆಯುತ್ತಿತ್ತು. ಕೆಂಪಿನ ಮಗ್ಗುಲಿಗೆ ಹಸುರು ಬರಬೇಕು, ನಾಲ್ಕು ಮೂಲೆಗೂ ಒಂದೇ ಬಗೆಯ ಹೂ ಬರಬೇಕು ಎಂಬ ವಿಚಾರವು ಚಳಿಗೆ ಸಂಬಂಧಪಟ್ಟುದಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿಯರ ‘ಕವಂದಿ’ಯು ಈ ಜಾತಿಯ ಕಲೆಗಳಲ್ಲಿ ವಿಶಿಷ್ಟವಾದುದು. ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರು ಗುಲಾಮರಾಗಿ ತರಲ್ಪಟ್ಟವರು. ಇಂದು ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರಿದ್ದಾರೆ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಕವಂದಿಯನ್ನು ಹೊಲಿಯುವ ಸಿದ್ದಿ ಹೆಂಗಸು ಹಳೆಯ ಸೀರೆಯೊಂದನ್ನು ಹಾಸಿಕೊಂಡು, ಅಂಚಿನ ಒಂದು ಮೂಲೆಯಿಂದ ಹೊರಟು, ತುಣುಕಿಗೆ ತುಣುಕನ್ನು ಕೂಡಿಸುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾಳೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಕೈಗೆ ಸಿಕ್ಕ ಚಿಂದಿಯೇ ಮುಂದಿನ ಬಣ್ಣವನ್ನು ನಿಶ್ಚಯಿಸುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’ಗಳನ್ನು, ಎಂದರೆ ಹೂಗಳನ್ನು, ಹೊಲಿಯಲೇಬೇಕು, ಅವಿಲ್ಲದಿದ್ದರೆ ಕವಂದಿಯು ಪೂರ್ತಿಯಾಗಲಿಲ್ಲವೆಂದೇ ಎಣಿಕೆ. ಈ ಶತಮಾನದ ಆರಂಭದಿಂದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ನಡೆಸಿದ ಅಧ್ಯಯನದಿಂದ ಕವಂದಿಗೆ ದೇಶಾಂತರಗಳಲ್ಲಿಯೂ ಮನ್ನಣೆ ದೊರೆಯಿತು. ತಾಯ್ನುಡಿಯನ್ನೂ ತಾಯ್ನೆಲವನ್ನೂ ಕಳೆದುಕೊಂಡ ಜನವೊಂದು, ಇತರರು ಬಿಸುಟ ಬಟ್ಟೆಯಲ್ಲಿ ತನ್ನದೇ ಆದ ವಿನ್ಯಾಸವನ್ನು ಕಂಡುಕೊಂಡುದನ್ನು ಕಲೆಯ ಇತಿಹಾಸದಲ್ಲಿ ಸಣ್ಣ ಸಂಗತಿಯೆಂದು ಗಣಿಸಲಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯವಾಗಿದೆ. ಮನೆಯ ಕಲೆಯನ್ನು ಹೊಗಳುವ ಭರದಲ್ಲಿ ಅದನ್ನು ಮಾಡಿದವರ ಬದುಕೆಲ್ಲ ಹಬ್ಬವಾಗಿತ್ತೆಂದು ಭಾವಿಸುವುದು ತಪ್ಪು. ಮಧ್ಯಾಹ್ನದ ಒಂದು ಗಳಿಗೆಯ ಬಿಡುವಿಗೆ ಮುನ್ನ ಬೀಸುವುದು, ಕುಟ್ಟುವುದು, ನೀರು ಹೊರುವುದು ಮುಗಿದಿರಬೇಕಾಗಿತ್ತು. ದೀಪದ ಬೆಳಕಿನಲ್ಲಿ ಕರಿಯ ಬಟ್ಟೆಯ ಎಳೆ ಎಣಿಸಿದ ಕಣ್ಣುಗಳು ಬೇಗನೆ ದಣಿದಿರಬೇಕು. ಓದಿಗೂ ಓಡಾಟಕ್ಕೂ ಬಾಗಿಲು ಮುಚ್ಚಿದ್ದಲ್ಲಿ ಸೂಜಿಯೊಂದೇ ಉಳಿದ ದಾರಿಯಾಗಿದ್ದುದೂ ಉಂಟು. ಆದರೆ ಈ ನಿರ್ಬಂಧಗಳನ್ನು ಮಾತ್ರ ಎಣಿಸಿ, ಅವುಗಳ ನಡುವೆ ಆ ಹೆಂಗಸರು ಕಂಡುಕೊಂಡ ಸಂತೋಷವನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಅವರಿಗೆ ಮಾಡುವ ಇನ್ನೊಂದು ಅನ್ಯಾಯವೇ. ಆನೆಯ ಹೊಟ್ಟೆಗೆ ಚೌಕುಳಿ ತುಂಬೆಂದು ಯಾರೂ ಅವರನ್ನು ನಿರ್ಬಂಧಿಸಿರಲಿಲ್ಲ.

೫

ಈ ಸೃಷ್ಟಿಯು ಅಧಿಕೃತ ಬರವಣಿಗೆಯಲ್ಲಿ ವಿರಳವಾಗಿ ಕಾಣಿಸುವುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮುಂಬಯಿ ಸರಕಾರದ ಗೆಜೆಟಿಯರ್ ಮಾಲೆಯಲ್ಲಿ ಉತ್ತರ ಕನ್ನಡದ ಸಂಪುಟವು ೧೮೮೩ರಲ್ಲಿಯೂ, ಧಾರವಾಡ ಮತ್ತು ವಿಜಾಪುರಗಳ ಸಂಪುಟಗಳು ೧೮೮೪ರಲ್ಲಿಯೂ ಹೊರಬಂದವು. ಅವುಗಳ ಉಪಯುಕ್ತತೆ ನಿರ್ವಿವಾದವಾದುದು. ಆದರೆ ಕಂದಾಯವನ್ನೂ ವ್ಯಾಪಾರವನ್ನೂ ಅಳೆಯುವ ಉದ್ದೇಶದಿಂದ ರೂಪುಗೊಂಡ ಕ್ರಮವು ಮಗ್ಗಗಳನ್ನು ಎಣಿಸಬಲ್ಲದು, ಸಂತೆಯ ಬೆಲೆಯನ್ನು ಬರೆದಿಡಬಲ್ಲದು. ಮಗಳ ಮದುವೆಗೆಂದು ಎರಡು ವರ್ಷ ಹೊಲಿದ ಸೀರೆಗೆ ಸಂತೆಯಿಲ್ಲ, ಆದುದರಿಂದ ಬೆಲೆಯಿಲ್ಲ, ಬೆಲೆಯಿಲ್ಲದುದರಿಂದ ಆ ಕೋಷ್ಟಕಗಳಲ್ಲಿ ಅದಕ್ಕೆ ಅಂಕಣವಿಲ್ಲ. ಜನಗಣತಿಯ ವೃತ್ತಿಪಟ್ಟಿಗಳ ಸ್ಥಿತಿಯೂ ಇದೇ. ಹೊಲಿದು ಮಾರುವವನು ದರ್ಜಿ. ಹೊಲಿದು ಉಡಿಸುವವಳು ಯಾವ ವೃತ್ತಿಗೂ ಸೇರಿದವಳಲ್ಲ.

ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯು ಸ್ಥಾಪನೆಯಾಯಿತು. ಅದನ್ನು ಬಹುಕಾಲ ಮುನ್ನಡೆಸಿದ ಕಮಲಾದೇವಿ ಚಟ್ಟೋಪಾಧ್ಯಾಯ (೧೯೦೩–೧೯೮೮) ಅವರು ಮಂಗಳೂರಿನಲ್ಲಿ ಹುಟ್ಟಿದವರು. ಊರೂರು ತಿರುಗಿ, ಅಳಿವಿನ ಅಂಚಿನಲ್ಲಿದ್ದ ಕೈಗೆಲಸಗಳನ್ನು ಹುಡುಕಿ, ಅವುಗಳಿಗೆ ಪೇಟೆಯನ್ನು ಕಲ್ಪಿಸಿದ ಅವರ ಪರಿಶ್ರಮವು ಚಿರಸ್ಮರಣೀಯವಾದುದು. ೧೯೫೬ರ ನವೆಂಬರ್ ೧ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಬಂದು ಏಕೀಕೃತ ಮೈಸೂರು ರಾಜ್ಯದಲ್ಲಿ ಸೇರಿದವು. ೧೯೬೪ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಹುಟ್ಟಿತು. ಸರಕುಗಳ ಭೌಗೋಳಿಕ ಸೂಚಕಗಳ ಕಾಯಿದೆಯು ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಲ್ಲಿ ಜಾರಿಗೆ ಬಂದಿತು. ಆ ದಶಕದಲ್ಲಿಯೇ ಕಸೂತಿಗೂ ಚನ್ನಪಟ್ಟಣದ ಗೊಂಬೆಗಳಿಗೂ ಅದರ ರಕ್ಷಣೆ ದೊರಕಿತು. ಸಂಡೂರಿನ ಲಂಬಾಣಿ ಕಸೂತಿಗೂ ಅನಂತರ ಅದು ಲಭಿಸಿತು. ೨೦೨೩ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಲಂಬಾಣಿ ಹೆಂಗಸರ ೧೭೫೫ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಲಾಗಿ, ಅದು ಗಿನ್ನೆಸ್ ದಾಖಲೆಗೆ ಸೇರಿತು.

ಈ ಬೆಳವಣಿಗೆಯ ಜಮೆ ಮತ್ತು ಖರ್ಚು ಎರಡನ್ನೂ ನಿಷ್ಪಕ್ಷಪಾತವಾಗಿ ನೋಡಬೇಕು. ಜಮೆಯ ಬದಿಯಲ್ಲಿ ಮೊದಲನೆಯದು ಹಣ. ಸೂಜಿಯಿಂದ ಬಂದ ಕೂಲಿಯು ಎಷ್ಟು ಸಣ್ಣದಾಗಿದ್ದರೂ ಅದು ಹೆಂಗಸಿನ ಕೈಗೇ ಬರುವ ಹಣ. ಮಕ್ಕಳ ಶಾಲೆಯ ಶುಲ್ಕಕ್ಕೂ ಔಷಧಕ್ಕೂ ಒದಗುವ ಹಣ. ಕಲೆಯು ‘ಶುದ್ಧ’ವಾಗಿರಲೆಂದು ಇದನ್ನು ನಿರಾಕರಿಸುವ ಹಕ್ಕು, ಹೊಟ್ಟೆ ತುಂಬಿದ ರಸಿಕರಿಗೆ ಇಲ್ಲ. ಎರಡನೆಯದು ಉಳಿವು. ಪೇಟೆಯಿಲ್ಲದಿದ್ದರೆ ಎಷ್ಟೋ ಮಾದರಿಗಳು ಅಜ್ಜಿಯರೊಡನೆಯೇ ಹೋಗಿಬಿಡುತ್ತಿದ್ದವು.

ಖರ್ಚಿನ ಬದಿಯೂ ಸಣ್ಣದಲ್ಲ. ತುಂಡುಲೆಕ್ಕದ ಕೂಲಿಯಲ್ಲಿ ವೇಗವೇ ಗುಣವಾಗುತ್ತದೆ. ನುಣುಪಾದ ಬಟ್ಟೆಯ ಎಳೆ ಎಣಿಸುವುದು ಕಷ್ಟವಾದುದರಿಂದ, ಜಾಳಾದ ಬಟ್ಟೆಯನ್ನು ಮೇಲೆ ಕಟ್ಟಿ ಹೊಲಿದು, ಆಮೇಲೆ ಅದರ ಎಳೆಗಳನ್ನು ಎಳೆದು ತೆಗೆಯುವ ಪದ್ಧತಿ ಬಂದಿದೆ. ಇದು ತಪ್ಪೇನಲ್ಲ, ಕಣ್ಣಿಗೆ ಹಿತವಾದುದೇ. ಆದರೆ ಯಾವ ಚಿತ್ರ, ಎಷ್ಟು ಗಾತ್ರ, ಯಾವ ಬಣ್ಣ ಎಂಬ ನಿರ್ಣಯಗಳು ಹೊಲಿಯುವವಳ ಕೈಯಿಂದ ಬೇಡಿಕೆ ಕೊಡುವವರ ಕೈಗೆ ಹೋದವು. ನೂರು ದಿಂಬಿನ ಹೊದಿಕೆಗಳ ಮೇಲೆ ನೂರು ಆನೆಗಳು ಒಂದೇ ಸಮನಾಗಿರಬೇಕು. ಅಲ್ಲಿಗೆ ‘ಕರ್ಮ’ ಉಳಿಯಿತು, ‘ಕ್ರೀಡೆ’ ಹೋಯಿತು. ಯಂತ್ರದ ಕಸೂತಿಯಂತೂ ಮುಂಬದಿಯಲ್ಲಿ ಗೋಪುರವನ್ನು ಯಥಾವತ್ತಾಗಿ ತೋರಿಸಬಲ್ಲದು. ಬಟ್ಟೆಯನ್ನು ಮಗುಚಿ ಗವಂತಿಯ ಬೆನ್ನನ್ನು ನೋಡಿದವರಿಗೆ ಮಾತ್ರ ನಿಜ ತಿಳಿಯುತ್ತದೆ. ಭೌಗೋಳಿಕ ಸೂಚಕದ ಕಾಯಿದೆಯು ವಸ್ತುವಿನ ಹೆಸರನ್ನೂ ಊರನ್ನೂ ಕಾಯಬಲ್ಲದು. ಮಾಡುವವಳ ಬಿಡುವನ್ನೂ ಅವಳ ಇಷ್ಟವನ್ನೂ ಕಾಯುವ ಕಾಯಿದೆ ಇಲ್ಲ.

ಆದುದರಿಂದ ಗೃಹಕಲೆಯ ಉಳಿವಿನ ಪ್ರಶ್ನೆಯು ಎರಡು ಭಾಗದ್ದು. ಕೂಲಿಗೆ ಹೊಲಿಯುವವರಿಗೆ ನ್ಯಾಯವಾದ ಕೂಲಿಯೂ ವಿನ್ಯಾಸದಲ್ಲಿ ಅವರ ಮಾತಿಗೆ ಬೆಲೆಯೂ ಬರಬೇಕೆಂಬುದು ಒಂದು. ಕೂಲಿಯ ಹಂಗಿಲ್ಲದೆ, ಬರಿಯ ಸಂತೋಷಕ್ಕಾಗಿ ಕೈಯಾಡಿಸುವ ಅಭ್ಯಾಸವು ಸಾಮಾನ್ಯ ಮನೆಗಳಲ್ಲಿ ಉಳಿಯಬೇಕೆಂಬುದು ಇನ್ನೊಂದು. ಮೊದಲನೆಯದು ಸರಕಾರದ ಮತ್ತು ಸಹಕಾರ ಸಂಘಗಳ ಕೆಲಸ. ಎರಡನೆಯದನ್ನು ಯಾವ ನಿಗಮವೂ ಮಾಡಲಾರದು.

೬

ಹೊರನಾಡ ಕನ್ನಡಿಗರಿಗೆ ಈ ಎರಡನೆಯ ಭಾಗದೊಡನೆ ವಿಶೇಷವಾದ ಸಂಬಂಧವಿದೆ. ನಾಡನ್ನು ಬಿಟ್ಟು ಬಂದವರು ತಮ್ಮೊಡನೆ ಗ್ರಂಥಗಳನ್ನೂ ಹಾಡುಗಳನ್ನೂ ತಂದರು. ಸಂಘಗಳನ್ನು ಕಟ್ಟಿ ನಾಟಕ, ನಾಡಹಬ್ಬಗಳನ್ನು ನಡೆಸಿದರು. ಇವುಗಳ ಚರಿತ್ರೆ ಅಲ್ಪಸ್ವಲ್ಪವಾದರೂ ಬರೆಯಲ್ಪಟ್ಟಿದೆ. ಆದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳ ಮನೆತನಗಳಲ್ಲಿ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಚಂದ್ರಕಾಳಿಯಾಗಲಿ, ಕೂಸಿನ ಕುಂಚಿಯಾಗಲಿ, ಅಜ್ಜಿಯ ಕೌದಿಯಾಗಲಿ ಇದ್ದರೆ ಅದೂ ಒಂದು ಐತಿಹಾಸಿಕ ದಾಖಲೆಯೆಂದು ಭಾವಿಸುವವರು ಕಡಿಮೆ. ಶಾಸನವೊಂದು ದೊರೆತರೆ ಅದರ ಅಚ್ಚು ತೆಗೆದು, ಪಾಠವನ್ನು ನಿರ್ಣಯಿಸಿ, ಕಾಲವನ್ನು ಗೊತ್ತುಮಾಡುವ ವಿದ್ವಾಂಸರ ಮನೆಯಲ್ಲಿಯೇ ಇಂತಹ ಬಟ್ಟೆಯು ಪಾತ್ರೆಯಂಗಡಿಯವನಿಗೆ ಹೋಗಿ ಸ್ಟೀಲಿನ ಡಬ್ಬಿಯಾಗಿ ಮರಳುವುದು ವಿಪರ್ಯಾಸವಲ್ಲವೆ?

ಇಂತಹ ವಸ್ತುವಿನ ಪಾಠವನ್ನು ದಾಖಲಿಸುವುದು ಶಾಸನದ ಪಾಠವನ್ನು ಓದುವುದಕ್ಕಿಂತ ಸುಲಭ. ಮಾಡಿದವರು ಯಾರು, ಯಾವ 
ಊರಿನವರು, ಯಾರಿಗಾಗಿ, ಯಾವ ಸಂದರ್ಭದಲ್ಲಿ ಮಾಡಿದರು, ಚಿತ್ರಕ್ಕೆ ಮನೆಯವರು ಕರೆಯುವ ಹೆಸರೇನು, ಹೊಲಿಗೆ ಯಾವ ಬಗೆಯದು, ಯಾರಿಂದ ಕಲಿತರು ಎಂಬ ಏಳೆಂಟು ಪ್ರಶ್ನೆಗಳಿಗೆ ಉತ್ತರವನ್ನೂ, ಬಟ್ಟೆಯ ಮುಂಬದಿ ಬೆನ್ನುಗಳ ಎರಡು ಛಾಯಾಚಿತ್ರಗಳನ್ನೂ ಸಂಗ್ರಹಿಸಿದರೆ ಸಾಕು. ಉತ್ತರ ಕೊಡಬಲ್ಲವರು ಹೆಚ್ಚಾಗಿ ಎಂಬತ್ತರ ಆಚೆಯವರು, ಕಾಲಾವಕಾಶ ಬಹಳವಿಲ್ಲ. ಒಂದು ನಗರದ ಕನ್ನಡ ಸಂಘವು ತನ್ನ ಸದಸ್ಯರ ಮನೆಗಳಿಂದ ಹೀಗೆ ನೂರು ವಸ್ತುಗಳ ವಿವರವನ್ನು ಕೂಡಿಹಾಕಿದರೂ ಅದು ಕನ್ನಡ ನಾಡಿನ ಗೃಹಕಲೆಯ ಚರಿತ್ರೆಗೆ ಗಟ್ಟಿಯಾದ ಆಧಾರವಾಗುತ್ತದೆ.

ಸಂಗ್ರಹವಷ್ಟೇ ಸಾಲದು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕುಳಿತ ಎತ್ತಿಗೂ ಮಗುವಿನ ಕೈಯಲ್ಲಿ ಆಕಾರ ತಳೆಯುವ ಮಣ್ಣೆತ್ತಿಗೂ ವ್ಯತ್ಯಾಸವುಂಟು. ಭಾರತ ಸರಕಾರವು ೨೦೧೯ರಲ್ಲಿ ಮೊದಲ ಬಾರಿಗೆ ದೇಶವ್ಯಾಪಿಯಾಗಿ ಜನರ ದಿನಚರಿಯ ಕಾಲವಿನಿಯೋಗವನ್ನು ಸಮೀಕ್ಷಿಸಿತು. ೨೦೨೪ರಲ್ಲಿ ಅದು ಮರಳಿ ನಡೆಯಿತು. ಕೂಲಿಯಿಲ್ಲದ ಮನೆಗೆಲಸದ ಗಂಟೆಗಳು ಹೀಗೆ ಕೊನೆಗೂ ಲೆಕ್ಕಕ್ಕೆ ಬಂದವು. ಆದರೆ ಆ ಗಂಟೆಗಳಲ್ಲಿ ಯಾವುದು ದುಡಿಮೆ, ಯಾವುದು ಆಟ ಎಂಬುದನ್ನು ಎಳೆ ಎಣಿಸುತ್ತ ಕುಳಿತವಳೇ ಬಲ್ಲಳು. ನಗರದ ಇಕ್ಕಟ್ಟಾದ ಮನೆಯಲ್ಲಿಯೂ ಒಂದು ಕರವಸ್ತ್ರಕ್ಕೆ, ಒಂದು ಸೂಜಿಗೆ, ಮಗುವಿನ ಮುಷ್ಟಿಯಷ್ಟು ಮಣ್ಣಿಗೆ ಎಡೆಯಿದೆ. ಮೊದಲ ಗಿಳಿಯ ಮೂಗು ಸೊಟ್ಟಗಾದರೆ ನಷ್ಟವಿಲ್ಲ. ದಾರವನ್ನು ಬಿಚ್ಚಿ ಮತ್ತೆ ಹಾಕಬಹುದು. ಗಂಟಿಲ್ಲದ ಹೊಲಿಗೆಯ ಅನುಕೂಲವೇ ಅದು.

ಚಕ್ರವರ್ತಿಯ ಅರುವತ್ತು ಅಧ್ಯಾಯಗಳ ಉಲ್ಲಾಸಕ್ಕೆ ಆನೆ, ಕುದುರೆ, ಗಾಯಕರು, ಬಾಣಸಿಗರು ಎಲ್ಲರೂ ಬೇಕಾಗಿದ್ದರು. ರೆಮ್ಮವ್ವೆಗೆ ಒಂದು ರಾಟೆ ಸಾಕಾಯಿತು. ಕಲ್ಯಾಣದ ಆ ಅರಮನೆಯ ವೈಭವ ಅಳಿದು ಶತಮಾನಗಳು ಕಳೆದವು. ಒಂದು ಎಳೆಯನ್ನು ಹಿಡಿದು ಅದರಲ್ಲಿ ಲೋಕವನ್ನು ಕಾಣುವ ಕೈಗಳು ಇನ್ನೂ ಇವೆ. ಅವು ಕೇಳುವುದು ಒಂದಿಷ್ಟು ಬಿಡುವನ್ನು, ನೋಡಿ ಸಂತೋಷಪಡುವ ಒಬ್ಬರನ್ನು.